ಹಳೇ ಮನೆ ಸಾಮಾನಿನಿಂದ ಮನೆಯಲ್ಲೇ ಒಂದು ವರ್ಕ್‌ಶಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈಗ ದನ ಇಲ್ಲ. ಆರು ವರ್ಷದಿಂದ ಅದು ನನ್ನ ವರ್ಕ್‌ಶಾಪ್. ಬೆಂಚು, ಸಾಮಾನನ್ನು ಬಿಗಿಹಿಡಿಯುವ ವೈಸ್, ಕಪಾಟಿನ ಕೀಲು, ಬಾಗಿಲ ಚಿಲಕ, ಮಾಡಿನ ಗಾಜಿನ ಹೆಂಚು, ಎಲ್ಲವೂ ಕೆಡವಿದ ಮನೆಗಳಿಂದ, ಮುಚ್ಚಿದ ಗ್ಯಾರೇಜುಗಳಿಂದ, ಗುಜರಿ ಅಂಗಡಿಗಳಿಂದ ಬಂದದ್ದು. ನೋಡಲು ಬಂದವರು, ಫೋನ್ ಮಾಡಿದವರು, ಬರೆದು ಕೇಳಿದವರು, ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅವನ್ನು ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನನ್ನದು ಒಂದೇ ಹಟ. ತಂದ ಸಾಮಾನು ಕೆಲಸಕ್ಕೆ ನಿಲ್ಲಬೇಕು. ಗೋಡೆಗೆ ನೇತುಹಾಕಿ ಚೆಂದ ನೋಡೋದಕ್ಕೆ ನಾನು ಏನನ್ನೂ ತರುವುದಿಲ್ಲ. ಕೆಳಗಿನ ಉತ್ತರಗಳನ್ನೆಲ್ಲ ಆ ಲೆಕ್ಕದಲ್ಲೇ ಓದಿಕೊಳ್ಳಿ.

## ಶುರು ಮಾಡುವ ಮುಂಚೆ

ಅಂಗಡಿಯಲ್ಲಿ ಹೊಸದೇ ಸಿಗುವಾಗ ಹಳೇದಕ್ಕೆ ಯಾಕೆ ಒದ್ದಾಡಬೇಕು?

ಹಳೇದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಹಳೇ ಹಿತ್ತಾಳೆ ಕೀಲು ಮತ್ತು ಈಗಿನ ಅಗ್ಗದ ಕೀಲು ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿ. ಹಳೇದು ಎರಕ ಹೊಯ್ದದ್ದು, ದಪ್ಪ, ನಡುವಿನ ಪಿನ್ನು ಪೆನ್ಸಿಲ್ ಗಾತ್ರ. ಹೊಸದು ತೆಳು ತಗಡನ್ನು ಮಡಚಿದ್ದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಳೇ ಸಾಮಾನನ್ನು ಬಿಚ್ಚಿ ರಿಪೇರಿ ಮಾಡಬಹುದು. ವೈಸಿನ ದವಡೆ ಸವೆದರೆ ಅದೊಂದನ್ನೇ ಬದಲಿಸಬಹುದು, ಒಳಗಿನ ನಟ್ಟು ಹೋದರೆ ಹೊಸ ನಟ್ಟು ಮಾಡಿಸಬಹುದು. ರಿವೆಟ್ ಹೊಡೆದು, ಅಂಟು ಹಾಕಿ ಮುಚ್ಚಿದ ವಸ್ತುವಿನಲ್ಲಿ ಆ ಅವಕಾಶವೇ ಇಲ್ಲ.

ಕೆಲವನ್ನು ಮಾತ್ರ ಯಾವತ್ತೂ ಹೊಸದೇ ತಗೊಳ್ಳಿ. ಕಣ್ಣಿನ ಕನ್ನಡಕ, ಮಾಸ್ಕ್, ವೈರು, ಪ್ಲಗ್ಗು, ಗ್ರೈಂಡಿಂಗ್ ಕಲ್ಲು, ಏಣಿ. ಇವುಗಳಲ್ಲಿ ಉಳಿತಾಯ ನೋಡಬೇಡಿ.

ನಮ್ಮದು ಸಣ್ಣ ಮನೆ. ಎಷ್ಟು ಜಾಗ ಇದ್ದರೆ ಸಾಕು?

ಎಂಟು ಅಡಿಗೆ ಹತ್ತು ಅಡಿ ಇದ್ದರೆ ಧಾರಾಳ. ಆರು ಅಡಿ ಬಾಲ್ಕನಿಯಲ್ಲಿ ಕೆಲಸ ಮಾಡುವವರನ್ನೂ ನೋಡಿದ್ದೇನೆ. ಜಾಗಕ್ಕಿಂತ ಬೆಳಕು ಮುಖ್ಯ. ಹೆಂಚಿನ ಮಾಡಾದರೆ ನಾಲ್ಕು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಕೂರಿಸಿ. ಕೆಡವಿದ ಮನೆಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚಿನ ಮಾದರಿ ನಮ್ಮ ಕಡೆಯೆಲ್ಲ ಹರಡಿತು. ಹಾಗಾಗಿ ಒಂದು ಮನೆಯದು ಇನ್ನೊಂದು ಮನೆಗೆ ಸಾಮಾನ್ಯವಾಗಿ ಕೂರುತ್ತದೆ. ತರುವ ಮುಂಚೆ ನಿಮ್ಮ ಮಾಡಿನದೇ ಒಂದು ಹೆಂಚು ಚೀಲದಲ್ಲಿ ಹಾಕಿಕೊಂಡು ಹೋಗಿ, ಜೋಡಿಸಿ ನೋಡಿ.

ಇಂಥ ಸಾಮಾನು ಎಲ್ಲಿ ಸಿಗುತ್ತೆ? ನಾನು ಗುಜರಿಗೆ ಹೋದರೆ ಬರೀ ಪ್ಲಾಸ್ಟಿಕ್ ಕಾಣುತ್ತೆ.

ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿ, ಭಾನುವಾರದ ಸಂಡೇ ಬಜಾರ್. ಬೆಳಿಗ್ಗೆ ಬೇಗ ಹೋಗಬೇಕು. ಹಳೇ ಬಾಗಿಲು, ಕಂಬ, ಹಿತ್ತಾಳೆ ಸಾಮಾನು ಒಟ್ಟಿಗೆ ನೋಡಬೇಕು ಅಂದರೆ ತಮಿಳುನಾಡಿನ ಕಾರೈಕುಡಿ. ಚೆಟ್ಟಿನಾಡಿನ ದೊಡ್ಡ ಮನೆಗಳ ಸಾಮಾನು ಅಲ್ಲಿ ಮಾರಾಟಕ್ಕೆ ಬರುತ್ತದೆ. ರೇಟು ಮಾತ್ರ ಜಾಸ್ತಿ.

ನನಗೆ ಒಳ್ಳೊಳ್ಳೆ ಸಾಮಾನು ಸಿಕ್ಕಿದ್ದು ಅಂಗಡಿಯಲ್ಲಿ ಅಲ್ಲ. ಊರಲ್ಲಿ ಮನೆ ಕೆಡವುವ ಮೇಸ್ತ್ರಿಗೆ ಒಂದು ಮಾತು ಹೇಳಿಡಿ. ಮುಚ್ಚಿದ ಅಕ್ಕಿ ಗಿರಣಿ, ಹಳೇ ಸೈಕಲ್ ಶಾಪ್, ಹಂಚಿಕೆಯಾಗುವ ತೋಟದ ಮನೆ, ಇವುಗಳ ಬಗ್ಗೆ ಕಿವಿ ತೆರೆದಿಡಿ. ಹಳೇ ಪ್ರಿಂಟಿಂಗ್ ಪ್ರೆಸ್ ಮುಚ್ಚಿದ್ದಾರೆ ಅಂತ ಕೇಳಿದರೆ ಅವತ್ತೇ ಹೋಗಿ. ಅಚ್ಚಿನ ಮೊಳೆ ಇಡುತ್ತಿದ್ದ ಮರದ ಖಾನೆಗಳಿರುತ್ತವಲ್ಲ, ಸ್ಕ್ರೂ, ವಾಷರ್, ಮೊಳೆ ಇಡೋದಕ್ಕೆ ಅದಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ನಾನು ಕಂಡಿಲ್ಲ. ಒಂದು ಎಚ್ಚರ. ಅಚ್ಚಿನ ಮೊಳೆ ಅಂದರೆ ಸೀಸ, ತವರ, ಆಂಟಿಮನಿ ಸೇರಿದ ಲೋಹ. ಖಾನೆಯ ಮೂಲೆಯಲ್ಲಿ ಕೂತ ಬೂದು ಬಣ್ಣದ ಧೂಳಲ್ಲಿ ಸೀಸ ಇರುತ್ತದೆ. ಒಣಗಿದ್ದನ್ನು ಗುಡಿಸಬೇಡಿ, ಊದಬೇಡಿ. ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಆ ಬಟ್ಟೆ ಬಿಸಾಕಿ, ಕೈ ತೊಳೆದುಕೊಳ್ಳಿ.

ತೀರಿಹೋದ ಬಡಗಿಯೊಬ್ಬರ ಪೆಟ್ಟಿಗೆ ಮಾರಾಟಕ್ಕಿದೆ ಅಂತ ಕರೆ ಬಂದರೆ ಚೌಕಾಸಿಗೆ ಕೂರಬೇಡಿ. ಒಂದೊಂದು ಉಳಿಗೂ ಏನು ಬೆಲೆ ಬರುತ್ತದೆ ಅಂತ ಮನೆಯವರಿಗೆ ನೀವೇ ಹೇಳಿ, ಆಮೇಲೆ ದುಡ್ಡು ಕೊಡಿ.

ದುಡ್ಡು ಕಮ್ಮಿ ಇದೆ. ಮೊದಲು ಏನು ತಗೊಳ್ಳಲಿ?

ವೈಸ್. ಆಮೇಲೆ ಒಂದು ಗಟ್ಟಿ ಬೆಂಚು. ಆಮೇಲೆ ಎರಡು ಉಳಿ, ಒಂದು ಸಾಣೆಕಲ್ಲು, ಒಂದು ಗರಗಸ, ಮರ ಹೆರೆಯುವ ಒಂದು ಹತ್ತರಿ. ಹಿಡಿಯೋದಕ್ಕೆ ಗಟ್ಟಿ ವೈಸ್ ಇಲ್ಲದೆ ಬೇರೆ ಏನಿದ್ದರೂ ಕೈ ಸೋಲುತ್ತದೆ.

ಹಿತ್ತಾಳೆ ಅಂತ ಹೇಳಿ ಕೊಡ್ತಾರೆ. ನಿಜವಾಗಲೂ ಹಿತ್ತಾಳೆಯಾ ಅಂತ ಹೇಗೆ ನೋಡೋದು?

ಜೇಬಲ್ಲಿ ಒಂದು ಅಯಸ್ಕಾಂತ, ಒಂದು ಸಣ್ಣ ಅರ ಇಟ್ಟುಕೊಳ್ಳಿ. ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲೆ ಬರೀ ಲೇಪ. ಅಂಟದಿದ್ದರೆ ಹಿತ್ತಾಳೆ ಅಂತ ಖುಷಿಪಡಬೇಡಿ, ಇನ್ನೂ ಒಂದು ಪರೀಕ್ಷೆ ಇದೆ. ಸತು ಬೆರೆತ ಅಗ್ಗದ ಎರಕಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಹಿಂಬದಿಯಲ್ಲಿ, ಸ್ಕ್ರೂ ತೂತಿನ ಪಕ್ಕ, ಮಾರುವವರನ್ನು ಕೇಳಿಯೇ ಅರದಿಂದ ಒಂದು ಗೀಟು ಎಳೆಯಿರಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೆಳ್ಳಗೆ ಕಂಡರೆ ಸತು.

ನಾನು ಮೊದಲ ವರ್ಷ ಎಂಟು ಹಿಡಿಕೆ ತಂದಿದ್ದೆ, ಹಿತ್ತಾಳೆ ತೂಕದ ರೇಟಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಂಚಿನಿಂದ ಕೆಂಪು ನೀರು ಇಳಿದಿತ್ತು. ಎಂಟರಲ್ಲಿ ಆರು ಕಬ್ಬಿಣ.

ಹಳೇ ವೈಸ್ ತಗೊಳ್ಳುವಾಗ ಏನೇನು ನೋಡಬೇಕು?

ಮೊದಲು ಬಣ್ಣ ನೋಡಿ. ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಅನುಮಾನಪಡಿ. ನಾನು ಒಮ್ಮೆ ನೀಲಿ ಬಣ್ಣದ, ಆರು ಇಂಚಿನ ದವಡೆಯ ವೈಸ್ ತಂದೆ. ನೋಡೋದಕ್ಕೆ ಭಾರಿ ಚೆನ್ನಾಗಿತ್ತು. ಮನೆಗೆ ತಂದು ಬಣ್ಣ ಕೆರೆದರೆ ಮುಂದಿನ ದವಡೆಯ ಬುಡದಲ್ಲಿ ಎರಡು ಬೆರಳಗಲದ ಬಿರುಕು, ಅದರೊಳಗೆ ಎಂ-ಸೀಲ್ ತುಂಬಿ, ಉಜ್ಜಿ ನಯ ಮಾಡಿ, ಮೇಲೆ ಬಣ್ಣ. ಎರಕದ ಕಬ್ಬಿಣದ ಬಿರುಕು ವೆಲ್ಡ್ ಮಾಡುವುದು ಸುಲಭದ ಕೆಲಸ ಅಲ್ಲ, ಮಾಡಿಸಿದರೂ ಅದೇ ಜಾಗದ ಪಕ್ಕದಲ್ಲಿ ಮತ್ತೆ ಬಿಡುತ್ತದೆ.

ಈಗ ನಾನು ಮಾಡುವುದು ಇಷ್ಟು. ದವಡೆಯನ್ನು ಪೂರ್ತಿ ತೆರೆದು ಮುಚ್ಚುತ್ತೇನೆ. ತಿರುಪು ಎಲ್ಲಾದರೂ ಜಾರಿದರೆ ಒಳಗಿನ ನಟ್ಟು ಸವೆದಿದೆ. ಅರ್ಧ ತೆರೆದು ಮುಂದಿನ ದವಡೆಯನ್ನು ಅಲ್ಲಾಡಿಸುತ್ತೇನೆ. ಸ್ವಲ್ಪ ಅಲ್ಲಾಡುವುದು ಸಹಜ, ಗಡಗಡ ಅಂದರೆ ಬೇಡ. ಆಮೇಲೆ ಎರಡು ದವಡೆಯ ನಡುವೆ ಒಂದು ಹಾಳೆ ಇಟ್ಟು ಬಿಗಿದು ಎಳೆಯುತ್ತೇನೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಎರಡೂ ಕಡೆ ಹಿಡಿಯಬೇಕು. ಕೊನೆಗೆ ಸಣ್ಣ ಸುತ್ತಿಗೆಯಿಂದ ಮೈಯನ್ನೆಲ್ಲ ಮೆಲ್ಲಗೆ ತಟ್ಟುತ್ತೇನೆ. ಗಟ್ಟಿ ಎರಕ ಠಣ್ ಅನ್ನುತ್ತದೆ. ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ದೊಬ್ ಅನ್ನುತ್ತದೆ. ಮಡಕೆ ಕೊಳ್ಳುವಾಗ ನಮ್ಮಜ್ಜಿ ಹೀಗೇ ತಟ್ಟಿ ನೋಡುತ್ತಿದ್ದರು.

ತುಕ್ಕಿಗೆ ಹೆದರಬೇಡಿ. ಅದು ಹೋಗುತ್ತದೆ.

## ತುಕ್ಕು, ಕಿಲುಬು, ಬಣ್ಣ

ತುಕ್ಕು ತೆಗೆಯೋಕೆ ಸುಲಭದ ದಾರಿ ಯಾವುದು? ಉಜ್ಜಿ ಉಜ್ಜಿ ಕೈ ಸೋತಿದೆ.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸಾಮಾನು ಮುಳುಗಿಸಿ. ಮೊದಲು ಎಣ್ಣೆ ಜಿಡ್ಡನ್ನು ಸೋಪಿನಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಜಿಡ್ಡಿನ ಕೆಳಗಿನ ತುಕ್ಕು ಹಾಗೇ ಉಳಿಯುತ್ತದೆ. ಎರಡು ಗಂಟೆಗೊಮ್ಮೆ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ನೋಡಿ. ಹಗುರ ತುಕ್ಕಾದರೆ ಅರ್ಧ ದಿನ ಸಾಕು.

ತೆಗೆದ ತಕ್ಷಣ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ, ತೊಳೆದು, ಒರೆಸಿ, ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟು ಪೂರ್ತಿ ಒಣಗಿಸಿ, ಕೂಡಲೇ ಎಣ್ಣೆ ಸವರಿ. ಚಹಾ ಕುಡಿದು ಬರ್ತೀನಿ ಅಂತ ಒದ್ದೆ ಬಿಟ್ಟು ಹೋದರೆ ಬರುವಷ್ಟರಲ್ಲಿ ಕೆಂಪಗಾಗಿರುತ್ತದೆ. ಸ್ಪ್ರಿಂಗುಗಳನ್ನು ಆಸಿಡ್‌ನಲ್ಲಿ ನೆನೆಹಾಕಬೇಡಿ, ಹದ ಮಾಡಿದ ಉಕ್ಕು ಪೆಡಸಾಗಿ ಮುರಿಯಬಹುದು.

ಬ್ಯಾಟರಿ ಚಾರ್ಜರ್‌ನಿಂದ ತುಕ್ಕು ತೆಗೀತಾರಂತೆ. ಅಪಾಯ ಇಲ್ವಾ?

ಗೊತ್ತಿದ್ದು ಮಾಡಿದರೆ ಇಲ್ಲ. ಅಂಕುಡೊಂಕಿನ ದೊಡ್ಡ ಸಾಮಾನಿಗೆ, ದಪ್ಪ ತುಕ್ಕಿಗೆ ಇದೇ ವಾಸಿ, ಯಾಕಂದರೆ ಒಳ್ಳೆಯ ಲೋಹವನ್ನು ಇದು ತಿನ್ನುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮು, ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರ್‌ನ ನೆಗೆಟಿವ್ ತಂತಿ ನಿಮ್ಮ ಸಾಮಾನಿಗೆ. ಪಾಸಿಟಿವ್ ತಂತಿ ಒಂದು ಬೇಡದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ನಿಮ್ಮ ಸಾಮಾನೇ ಕರಗಲು ಶುರುವಾಗುತ್ತದೆ. ಆದ್ದರಿಂದ ಎರಡೆರಡು ಸಲ ನೋಡಿ. ಸರಳಿಗೆ ಎದುರಾಗಿರುವ ಮುಖ ಬೇಗ ಚೊಕ್ಕಟವಾಗುತ್ತದೆ. ನಡುವೆ ಚಾರ್ಜರ್ ಆಫ್ ಮಾಡಿ ಸಾಮಾನನ್ನು ತಿರುಗಿಸಿ ಇಡಿ.

ಮೂರು ವಿಷಯ ಮರೆಯಬೇಡಿ. ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ ಅಂತ ಸ್ಟೇನ್‌ಲೆಸ್ ಸ್ಟೀಲನ್ನು ಪಾಸಿಟಿವ್‌ಗೆ ಕಟ್ಟಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ನೀರಿನಿಂದ ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇದೆ, ಆದ್ದರಿಂದ ಅಂಗಳದಲ್ಲಿ ಮಾಡಿ, ಹತ್ತಿರ ಬೀಡಿ ಬೆಂಕಿ ಬೇಡ. ಹಿತ್ತಾಳೆಗೂ ಅಲ್ಯೂಮಿನಿಯಂಗೂ ಈ ವಿಧಾನ ಅಲ್ಲ.

ಹಿತ್ತಾಳೆ ಚಿಲಕಕ್ಕೆ ಹುಣಸೆಹಣ್ಣು ಸಾಕಾ? ಫಳಫಳ ಹೊಳೆಯೋ ಹಾಗೆ ಮಾಡಬೇಕು.

ಹುಣಸೆಹಣ್ಣು ಸಾಕು. ಅದರಲ್ಲಿರುವ ಟಾರ್ಟಾರಿಕ್ ಆಸಿಡ್ ಕಿಲುಬನ್ನು ಸಡಿಲಿಸುತ್ತದೆ. ದೇವರ ಮನೆಯ ದೀಪ ತಿಕ್ಕುವ ಹಾಗೆಯೇ, ಹದಿನೈದು ನಿಮಿಷ ಹಚ್ಚಿಟ್ಟು ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ನೆನೆಹಾಕಬೇಡಿ. ಹುಳಿಯಲ್ಲಿ ಜಾಸ್ತಿ ಹೊತ್ತು ಬಿದ್ದ ಹಿತ್ತಾಳೆ ತಾಮ್ರದ ಹಾಗೆ ನಸುಗೆಂಪಾಗುತ್ತದೆ.

ಫಳಫಳ ಯಾಕೆ ಬೇಕು ಅಂತ ನಾನು ತಿರುಗಿ ಕೇಳುತ್ತೇನೆ. ಬಫಿಂಗ್ ಗಾಲಿಗೆ ಹಿಡಿದರೆ ಅಂಚುಗಳು ಸವೆಯುತ್ತವೆ, ಎರಕದ ಗುರುತು, ಅರ ಹೊಡೆದ ಗೀಟು ಎಲ್ಲ ಅಳಿಸುತ್ತವೆ. ಹಸಿರು ಕಿಲುಬು ಹೋಗಬೇಕು ನಿಜ. ಕಂದು ಬಣ್ಣ ಇರಲಿ ಬಿಡಿ. ಕೈ ಆಡುವ ಜಾಗ ತಾನಾಗೇ ಹೊಳೆಯುತ್ತದೆ.

ಹಳೇ ಬಾಗಿಲಿಗೆ ನಾಲ್ಕೈದು ಪದರ ಬಣ್ಣ ಇದೆ. ಸುಟ್ಟು ತೆಗೀಬಹುದಾ?

ಬೇಡವೇ ಬೇಡ. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ತುಂಬ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗ ಅನ್ನುವ ಮಿತಿ ಬಂದದ್ದೇ 2016ರ ನಿಯಮದಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನೆಲ್ಲ ಸೀಸ ಇದೆ ಅಂತಲೇ ತಿಳಿದು ಮುಟ್ಟಿ. ಸುಟ್ಟರೆ ಹೊಗೆಯಲ್ಲಿ, ಒಣದಾಗಿ ಉಜ್ಜಿದರೆ ಧೂಳಲ್ಲಿ ಅದು ಮೈಗೆ ಸೇರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಇದು ದೊಡ್ಡ ವಿಷಯ.

ಒದ್ದೆ ಮಾಡಿಕೊಂಡು ಕೆರೆಯಿರಿ, ಅಥವಾ ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾದ ಮೇಲೆ ಎತ್ತಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದದ್ದನ್ನೆಲ್ಲ ಸುತ್ತಿ ಕಟ್ಟಿ. ಗೊಬ್ಬರದ ಗುಂಡಿಗೆ, ತೋಟಕ್ಕೆ ಹಾಕಬೇಡಿ. ಕೀಲು, ಚಿಲಕ, ಕೊಂಡಿಗಳ ಮೇಲಿನ ಬಣ್ಣಕ್ಕೆ ಸುಲಭದ ದಾರಿ ಇದೆ. ಇನ್ನು ಅಡುಗೆಗೆ ಬಳಸದ ಒಂದು ಹಳೇ ಪಾತ್ರೆಯಲ್ಲಿ, ಮನೆಯ ಹೊರಗೆ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಸಿನೀರಲ್ಲಿ ಇಡಿ. ಬಣ್ಣ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ.

ಎಲ್ಲ ಚೊಕ್ಕ ಮಾಡಿಟ್ಟೆ. ಮಳೆಗಾಲದಲ್ಲಿ ಮತ್ತೆ ತುಕ್ಕು ಬಂತು. ಏನು ಮಾಡಲಿ?

ಮಲೆನಾಡಲ್ಲಿ, ಕರಾವಳಿಯಲ್ಲಿ ಇದೇ ದೊಡ್ಡ ಕಷ್ಟ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಚಿನ ಮೇಲೆ ಬಿಟ್ಟ ಉಳಿ ಎರಡೇ ದಿನದಲ್ಲಿ ಚುಕ್ಕೆ ಬೀಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚುತ್ತಾರೆ ಹಲವರು. ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಹಳೇ ಬನಿಯನ್ ಬಟ್ಟೆಯನ್ನು ಸುರುಳಿ ಸುತ್ತಿ, ಎಣ್ಣೆಯಲ್ಲಿ ನೆನೆಸಿ, ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಕೆಲಸ ಮುಗಿದಾಗ ಪ್ರತಿ ಸಾಮಾನಿಗೂ ಒಂದು ಸಲ ಸವರಿ ಇಡಿ. ಬೆವರು ಕೈಯ ಗುರುತು ಇದ್ದಲ್ಲೇ ಮೊದಲು ತುಕ್ಕು ಬರುವುದು.

ಜೇನುಮೇಣ ಸಿಕ್ಕರೆ ಇನ್ನೂ ಒಳ್ಳೆಯದು. ಸ್ವಲ್ಪ ಬಿಸಿ ಮಾಡಿದ ಲೋಹಕ್ಕೆ ತೆಳುವಾಗಿ ತಿಕ್ಕಿದರೆ ವಾರಗಟ್ಟಲೆ ನಿಲ್ಲುತ್ತದೆ. ನಾನು ಉಳಿಗಳನ್ನೆಲ್ಲ ಮುಚ್ಚಳ ಇರುವ ಮರದ ಪೆಟ್ಟಿಗೆಯಲ್ಲಿಟ್ಟು, ನಾಗಂದಿಗೆಯ ಮೇಲೆ, ಹೊರಗೋಡೆಯಿಂದ ದೂರ ಇಡುತ್ತೇನೆ. ಹಾಗೆ ಇಡಲು ಶುರು ಮಾಡಿದ ಮೇಲೆ ಅರ್ಧ ತೊಂದರೆ ತಪ್ಪಿತು.

## ಬಿಚ್ಚುವುದು, ಜೋಡಿಸುವುದು

ಹಳೇ ಸ್ಕ್ರೂ ಅಲ್ಲಾಡೋದೇ ಇಲ್ಲ, ತಲೆಯ ಗೀರು ಬೇರೆ ಹಾಳಾಗ್ತಿದೆ.

ನಿಲ್ಲಿಸಿ. ಗೀರು ಹಾಳಾದರೆ ಎಲ್ಲ ಮುಗಿಯಿತು. ಮೊದಲು ಗೀರಿನೊಳಗಿನ ಬಣ್ಣವನ್ನು ಸೂಜಿಯಿಂದ ಪೂರ್ತಿ ಕೆದಕಿ ತೆಗೆಯಿರಿ. ಗೀರಿನ ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಸಡಿಲ ಇದ್ದರೆ ಅದನ್ನೇ ಅರದಲ್ಲಿ ಉಜ್ಜಿ ಕೂರಿಸಿ. ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಡಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆ. ಆಗಲೂ ಬರದಿದ್ದರೆ ಬೆಸುಗೆ ಹಾಕುವ ಕಬ್ಬಿಣದ ತುದಿಯನ್ನು ಸ್ಕ್ರೂ ತಲೆಯ ಮೇಲೆ ಎರಡು ನಿಮಿಷ ಹಿಡಿಯಿರಿ. ಸ್ಕ್ರೂ ಬಿಸಿಗೆ ಹಿಗ್ಗಿ, ಆರುವಾಗ ಕುಗ್ಗಿ, ಮರದ ಹಿಡಿತ ತಪ್ಪುತ್ತದೆ. ನನ್ನ ಕೈಗೆ ಬಂದ ಹಟಮಾರಿ ಸ್ಕ್ರೂಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಬಗ್ಗಿವೆ.

ಹಿತ್ತಾಳೆ ಸ್ಕ್ರೂ ಹಾಕುವಾಗ ಅರ್ಧಕ್ಕೇ ತುಂಡಾಗುತ್ತೆ, ಯಾಕೆ?

ಹಿತ್ತಾಳೆ ಮೆತ್ತಗೆ, ತೇಗ, ಹೊನ್ನೆ, ಮತ್ತಿ ಗಟ್ಟಿ. ಸ್ಕ್ರೂನ ಒಳಮೈ ಗಾತ್ರದ ತೂತು ಮೊದಲು ಕೊರೆಯಿರಿ. ಅದೇ ಅಳತೆಯ ಒಂದು ಕಬ್ಬಿಣದ ಸ್ಕ್ರೂಗೆ ಮೇಣ ಹಚ್ಚಿ ಪೂರ್ತಿ ಓಡಿಸಿ, ಬಿಚ್ಚಿ ತೆಗೆಯಿರಿ. ದಾರಿ ಆಯಿತು. ಈಗ ಹಿತ್ತಾಳೆಯದನ್ನು ಮೇಣ ಹಚ್ಚಿ ಕೈಯಲ್ಲೇ ತಿರುಗಿಸಿ. ಡ್ರಿಲ್ ಮೆಷಿನ್ ಬೇಡ. ಕೊನೆಯ ಅರ್ಧ ಸುತ್ತಿನಲ್ಲಿ ಬೆರಳಿಗೆ ಬಿಗಿ ಗೊತ್ತಾಗುತ್ತದೆ, ಅಲ್ಲಿಗೇ ನಿಲ್ಲಿಸಬೇಕು.

ಹಳೇ ಬೋಲ್ಟಿಗೆ ಹೊಸ ನಟ್ಟು ಎರಡು ಸುತ್ತು ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ. ತುಕ್ಕು ಕಾರಣಾನಾ?

ತುಕ್ಕಲ್ಲ, ಅಳತೆ. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಬಳಕೆಗೆ ಬಂದದ್ದು ಆಮೇಲೆ ಹಂತ ಹಂತವಾಗಿ. ಅದಕ್ಕೆ ಮುಂಚಿನ ಯಂತ್ರಗಳಲ್ಲಿ, ಆಮೇಲೆ ಎಷ್ಟೋ ವರ್ಷ ಮಾಡಿದ ಯಂತ್ರಗಳಲ್ಲೂ, ವಿಟ್‌ವರ್ತ್ ಮರೆಗಳೇ (ಮರೆ ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೀರು) ಇರುತ್ತವೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತು ಮಾಡಿದ ಅಳತೆ ಅದು. ಅದರ ಮರೆಯ ಕೋನ 55 ಡಿಗ್ರಿ, ಮೆಟ್ರಿಕ್‌ನದು 60.

ಮೋಸ ಹೋಗುವುದು ಎಲ್ಲಿ ಅಂದರೆ, 5/16 ಇಂಚಿನ ಬೋಲ್ಟ್ ಅಂದರೆ 7.94 ಮಿಲಿಮೀಟರ್. ಕಣ್ಣಿಗೆ ಅದು 8 ಮಿಲಿಮೀಟರಿನದೇ. ಆದರೆ ಒಂದರ ಮರೆಯ ಅಂತರ 1.41, ಇನ್ನೊಂದರದು 1.25 ಮಿಲಿಮೀಟರ್. ಎರಡು ಸುತ್ತು ಹೋಗಿ ನಿಲ್ಲುವುದು ಅದಕ್ಕೇ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಬೋಲ್ಟಿನ ಮರೆ ಹಾಳು. ನೂರೈವತ್ತು ಇನ್ನೂರು ರೂಪಾಯಿಗೆ ಮರೆ ಅಳೆಯುವ ಗೇಜ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಹಳೇ ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವ ಅಳತೆ ಬೋಲ್ಟಿನ ಗಾತ್ರದ್ದು, ಸ್ಪ್ಯಾನರಿನ ಬಾಯಿಯದ್ದಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆ ಸ್ಪ್ಯಾನರನ್ನು ತಪ್ಪು ಅಳತೆ ಅಂತ ಗುಜರಿಗೆ ಹಾಕಿದ್ದಾರೆ.

ಹಳೇ ತೇಗದ ಬಾಗಿಲನ್ನ ಬೆಂಚ್ ಮಾಡಬಹುದಾ? ಎಷ್ಟು ಎತ್ತರ ಇಡಲಿ?

ಹಲಗೆ ಜೋಡಿಸಿದ ಬಾಗಿಲಾದರೆ ಹಾಗೇ ಆಗುತ್ತದೆ. ಚೌಕಟ್ಟಿನ ಒಳಗೆ ತಗ್ಗು ಹಲಗೆ ಇರುವ ಬಾಗಿಲಾದರೆ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಕಬೇಕು. ಅಂಥ ಚೆಂದದ ಬಾಗಿಲನ್ನು ಪ್ಲೈವುಡ್ ಕೆಳಗೆ ಮುಚ್ಚುವುದಕ್ಕಿಂತ ಕಪಾಟಿಗೆ ಬಳಸುವುದು ವಾಸಿ ಅಂತ ನನಗೆ ಅನಿಸುತ್ತದೆ. ಕುಟ್ಟೆ ಹಿಡಿದಿದೆಯಾ ನೋಡಿ. ಸಣ್ಣ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಬದುಕಿದೆ, ಒಳಗೆ ತರಬೇಡಿ. ಹತ್ತರಿ ಹೊಡೆಯುವ ಮುಂಚೆ ಇಡೀ ಮೈಮೇಲೆ ಅಯಸ್ಕಾಂತ ಆಡಿಸಿ. ಬಣ್ಣದಡಿಯ ಒಂದು ಮುರಿದ ಮೊಳೆ ಸಾಕು, ಅಲಗು ಹಲ್ಲು ಬಿಡುತ್ತದೆ.

ಎತ್ತರಕ್ಕೆ ಊರಿಗೊಂದು ಲೆಕ್ಕ ಹೇಳುತ್ತಾರೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿ ಮರಗೆಲಸದ ಬೆಂಚು. ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ವೈಸಿನ ದವಡೆಯ ತುದಿ. ಅರ ಹೊಡೆಯುವಾಗ ಬೆನ್ನು ನೋಯದಿರಲು ಇದೇ ದಾರಿ.

ಬೀಗ ಗಟ್ಟಿಯಾಗಿದೆ, ಕೀಲಿ ಇಲ್ಲ. ಒಡೆಯಬೇಕಾ?

ಒಡೆಯಬೇಡಿ. ಬಾಗಿಲಿನೊಳಗೆ ಕೂರುವ ಹಳೇ ಬೀಗಗಳ ಹಿಂದಿನ ತಗಡು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಬಿಚ್ಚಿ ಒಳಗಿನ ಪಟ್ಟಿಗಳ ಫೋಟೋ ತೆಗೆದುಕೊಂಡು, ಆಮೇಲೆ ಹೊರತೆಗೆಯಿರಿ. ಬೀಗವನ್ನೇ ಕೊಟ್ಟರೆ ಕೀಲಿ ಮಾಡುವವರು ಅದನ್ನು ನೋಡಿ ಕೀಲಿ ಉಜ್ಜಿ ಕೊಡುತ್ತಾರೆ. ಒಳಗೆ ಎಣ್ಣೆ ಬಿಡಬೇಡಿ, ಧೂಳು ಕಚ್ಚುತ್ತದೆ. ಪೆನ್ಸಿಲ್ ಕಡ್ಡಿ ಕೆರೆದ ಪುಡಿ ಹಾಕಿ, ಸಲೀಸಾಗಿ ತಿರುಗುತ್ತದೆ.

ಅಜ್ಜನ ಕಾಲದ ಕಬ್ಬಿಣದ ಹತ್ತರಿ ಸಿಕ್ಕಿದೆ. ಈಗಲೂ ಕೆಲಸ ಮಾಡುತ್ತಾ?

ಮೈ ಬಿರುಕು ಬಿಟ್ಟಿಲ್ಲ, ಅಲಗು ಪೂರ್ತಿ ಸವೆದಿಲ್ಲ ಅಂದರೆ ಖಂಡಿತ. ಈಗಲೂ ಮಾರುವ ಕಬ್ಬಿಣದ ಹತ್ತರಿಗಳಲ್ಲಿ ಹೆಚ್ಚಿನವು ಅಮೆರಿಕದ ಲಿಯೊನಾರ್ಡ್ ಬೈಲಿ 1860ರ ದಶಕದಲ್ಲಿ ಪೇಟೆಂಟ್ ಮಾಡಿದ ರಚನೆಯವೇ. ಸ್ಟ್ಯಾನ್ಲಿ ಕಂಪನಿಯದಾಗಲಿ, ರೆಕಾರ್ಡ್ ಕಂಪನಿಯದಾಗಲಿ, ನಮ್ಮ ದೇಶದಲ್ಲೇ ಮಾಡಿದ್ದಾಗಲಿ, ಬಿಡಿಭಾಗ ಒಂದರದು ಇನ್ನೊಂದಕ್ಕೆ ಬಹುಪಾಲು ಹೊಂದುತ್ತದೆ. ನಂಬರ್ 4 ಅಂದರೆ ಎರಡು ಇಂಚು ಅಗಲದ ಅಲಗು. ಮನೆಗೆ ಅದೊಂದೇ ಸಾಕು.

ಕೆಲಸ ಇರುವುದು ಅಲಗಿನಲ್ಲಿ. ಗ್ರಾನೈಟ್ ಅಂಗಡಿಯಲ್ಲಿ ಬಿಸಾಡಿದ ಪಾಲಿಶ್ ತುಂಡು ತನ್ನಿ, ಅದರ ಮೇಲೆ ನೀರಿನ ಉಪ್ಪು ಕಾಗದ ಅಂಟಿಸಿ. ಮೊದಲು ಅಲಗಿನ ಹಿಂಬದಿಯ ತುದಿ, ಒಂದು ಬೆರಳಗಲದಷ್ಟು, ಕನ್ನಡಿಯಾಗಬೇಕು. ಹಿಂಬದಿಯಲ್ಲಿ ತುಕ್ಕಿನ ಗುಳಿ ಇದ್ದರೆ ಎಷ್ಟು ಸಾಣೆ ಹಿಡಿದರೂ ಹರಿತ ಬಾಯಿಯಲ್ಲಿ ಹಲ್ಲು ಉಳಿಯುತ್ತದೆ. ಇದನ್ನು ಬಿಟ್ಟು ಎಲ್ಲರೂ ಮುಂಬದಿಯನ್ನೇ ಉಜ್ಜುತ್ತಾರೆ. ಆಮೇಲೆ ಮುಂದಿನ ಇಳಿಜಾರು 25 ಡಿಗ್ರಿ, ತುದಿಗೆ ಮಾತ್ರ 30. ಸರಿಯಾದಾಗ ಹಲಸಿನ ಹಲಗೆಯಿಂದ ಬರುವ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಹಳದಿಯಾಗಿ, ಬಾಯಿಯಿಂದ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ, ಹಿಡಿದು ನೋಡಿದರೆ ಹಿಂದಿನ ಬೆರಳು ಕಾಣುತ್ತದೆ. ಸದ್ದೂ ಬೇರೆ, ರೇಷ್ಮೆ ಸೀರೆ ಸರಿದ ಹಾಗೆ.

## ಕರೆಂಟು, ಯಂತ್ರ, ಕಾನೂನು

ದುಂಡಗಿನ ಕಪ್ಪು ಬೇಕಲೈಟ್ ಸ್ವಿಚ್ಚುಗಳನ್ನ ವರ್ಕ್‌ಶಾಪಿಗೆ ಹಾಕಬಹುದಾ?

ದೀಪಕ್ಕೆ ಹಾಕಬಹುದು, ಒಳಗಿನ ಪಟ್ಟಿ ಚೊಕ್ಕ ಇದ್ದು, ಬಿರುಕಿಲ್ಲದಿದ್ದರೆ ಮಾತ್ರ. ಯಂತ್ರಕ್ಕೆ ಬೇಡ. ಹಳೇ ವೈರು ಮಾತ್ರ ಯಾವುದಕ್ಕೂ ಬೇಡ. ರಬ್ಬರು, ಬಟ್ಟೆ ಸುತ್ತಿದ ವೈರನ್ನು ಬಗ್ಗಿಸಿದರೆ ಹೊದಿಕೆ ಪುಡಿಪುಡಿಯಾಗಿ ಉದುರುತ್ತದೆ. ಎರಡೇ ಪಿನ್ನಿನ ಹಳೇ ಸಾಕೆಟ್‌ಗೆ ಅರ್ಥ್ ಇಲ್ಲ, ಅದನ್ನು ತೆಗೆದುಬಿಡಿ. ವರ್ಕ್‌ಶಾಪಿಗೆ ಬೇರೆಯೇ ಲೈನ್ ಎಳೆಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್ಚು) ಹಾಕಿಸಿ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ.

ಗುಜರಿಯಲ್ಲಿ ಹಳೇ ಬೆಂಚ್ ಗ್ರೈಂಡರ್ ಸಿಕ್ಕಿದೆ, ಪ್ಲಗ್ ಹಾಕಿ ನೋಡಲಾ?

ತಾಳಿ. ಮೊದಲು ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ವೈರು ಬದಲಿಸಿ. ಮೈಗೆ ಅರ್ಥ್ ಕೊಡಿ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್ (ಒಳಗೆ ಕರೆಂಟು ಸೋರುತ್ತದಾ ಅಂತ ಅಳೆಯುವ ಮೀಟರ್) ಹಾಕಿ ನೋಡಲು ಹೇಳಿ, ಒಂದು ಮೆಗಾಓಮ್‌ಗಿಂತ ಕಮ್ಮಿ ತೋರಿಸಿದರೆ ಪ್ಲಗ್ ಹಾಕುವ ಹಾಗಿಲ್ಲ. ಎಷ್ಟೋ ಸಲ ಅದು ಬರೀ ತೇವ, ಬಿಸಿಲಲ್ಲಿ ನಾಲ್ಕು ದಿನ ಒಣಗಿಸಿದರೆ ಸರಿಹೋಗುತ್ತದೆ.

ಅದರ ಜೊತೆ ಬಂದ ಕಲ್ಲನ್ನು ತೆಗೆದು ಬಿಸಾಕಿ. ಎಷ್ಟು ಸಲ ಬಿದ್ದಿದೆಯೋ ಯಾರಿಗೆ ಗೊತ್ತು. ಒಳಗೆ ಬಿರುಕಿರುವ ಕಲ್ಲು ವೇಗ ಹಿಡಿದಾಗ ಸಿಡಿಯುತ್ತದೆ. ಹೊಸ ಕಲ್ಲನ್ನೂ ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ತಟ್ಟಿ, ಠಣ್ ಅನ್ನಬೇಕು. ಕಲ್ಲಿನ ಮೇಲೆ ಬರೆದ ವೇಗ ಮೋಟರಿನ ವೇಗಕ್ಕಿಂತ ಜಾಸ್ತಿ ಇರಲೇಬೇಕು. ಮುಂದಿನ ಆಸರೆ ಪಟ್ಟಿಗೂ ಕಲ್ಲಿಗೂ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಬೇಡ. ಮೊದಲ ಸಲ ಹಾಕಿದಾಗ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿ, ಎದುರಿಗೆ ಅಲ್ಲ.

ಹಳೇ ಲೇಥ್ (ಲೋಹ ಕಡೆಯುವ ಯಂತ್ರ) ತರುವ ಆಸೆ. ಮನೆಗೆ ಆಗುತ್ತಾ?

ಈ ಆಸೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ, ಇವರಿಬ್ಬರ ಲೇಥುಗಳು ನಮ್ಮ ರಾಜ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ತಿರುಗುತ್ತಿವೆ. ಕಾರ್ಖಾನೆ ಮುಚ್ಚಿದಾಗ ಅವು ತೂಕಕ್ಕೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಟನ್ ಲೆಕ್ಕದ ಯಂತ್ರ ಅದು. ನೆಲಕ್ಕೆ ಕಾಂಕ್ರೀಟ್ ಬೇಕು, ಇಳಿಸೋದಕ್ಕೆ ಕ್ರೇನ್ ಬೇಕು, ಮನೆ ದಾರಿ ಲಾರಿ ಬರುವಷ್ಟು ಇರಬೇಕು. ಮೋಟರು ತ್ರೀ ಫೇಸಿನದು. ಸಣ್ಣ ಮೋಟರಾದರೆ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟರಿಗೆ ಕೊಡುವ ಪೆಟ್ಟಿಗೆ) ಹಾಕಿ ಸಿಂಗಲ್ ಫೇಸಿನಲ್ಲಿ ಓಡಿಸಬಹುದು, ಒಳಗಿನ ಕನೆಕ್ಷನ್ ಬದಲಿಸಬೇಕಾಗಬಹುದು. ಕೊಳ್ಳುವಾಗ ಹಾಸಿನ (ಯಂತ್ರದ ಉದ್ದನೆಯ ತಳಪಟ್ಟಿಯ) ಮೇಲೆ, ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರದ ಒಂದು ಅಡಿ ಜಾಗವನ್ನು ಉಗುರಿನಿಂದ ಸವರಿ ನೋಡಿ. ಎಲ್ಲ ಕೆಲಸ ಅಲ್ಲೇ ನಡೆಯುವುದು, ಸವೆತವೂ ಅಲ್ಲೇ. ಮೆಟ್ಟಿಲಿನ ಹಾಗೆ ಉಗುರಿಗೆ ಸಿಕ್ಕರೆ ಬಿಟ್ಟುಬಿಡಿ.

ನೂರು ವರ್ಷದ ಬಾಗಿಲು, ಕಂಬ ಕೊಂಡರೆ ಕಾನೂನು ತೊಂದರೆ ಇದೆಯಾ? ತಮ್ಮ ದುಬೈನಲ್ಲಿದ್ದಾನೆ, ಅವನಿಗೂ ಕಳಿಸಬೇಕು.

ಕಳಿಸುವ ಮುಂಚೆ ಇದನ್ನು ಓದಿ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಲ್ಲಿ ನೂರು ವರ್ಷ ದಾಟಿದ ಕಲೆ, ಕುಸುರಿ ಕೆಲಸದ ವಸ್ತುಗಳ ಜೊತೆ ಕಟ್ಟಡದಿಂದ ಬಿಡಿಸಿದ ವಸ್ತುಗಳೂ ಸೇರುತ್ತವೆ. ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಕೆತ್ತನೆಯ ಬಾಗಿಲು, ಕಂಬಗಳ ವಿಷಯದಲ್ಲಿ ಪುರಾತತ್ವ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ. ದೇವಸ್ಥಾನದ್ದು ಅಂತ ಅನುಮಾನ ಬಂದರೆ ಮುಟ್ಟಲೇಬೇಡಿ.

ಮರದ ವಿಷಯ ಬೇರೆ. ಹಳೇ ಮನೆಯ ತೊಲೆಯೇ ಆದರೂ ತೇಗ, ಬೀಟೆ ಸಾಗಿಸುವ ಮುಂಚೆ ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿ. ಯಾವ ಮನೆಯದು, ಯಾರು ಮಾರಿದರು, ಎಷ್ಟಕ್ಕೆ ಅಂತ ಒಂದು ಚೀಟಿ ಬರೆಸಿಕೊಳ್ಳಿ. ಕೆಡವುವ ಮುಂಚಿನ ಫೋಟೋ ಇದ್ದರೆ ಅದನ್ನೂ ಇಟ್ಟುಕೊಳ್ಳಿ.

ಉಳಿಯ ಹಿಡಿ ಮೇಲೆ ಯಾರದೋ ಹೆಸರು ಕೊರೆದಿದೆ. ಉಜ್ಜಿ ತೆಗೆದು ಪಾಲಿಶ್ ಹಾಕಲಾ?

ದಯವಿಟ್ಟು ತೆಗೆಯಬೇಡಿ. ಹಿಡಿ ಬಿರುಕು ಬಿಟ್ಟಿದ್ದರೆ ಅಂಟು ಹಾಕಿ ದಾರ ಸುತ್ತಿ. ಕೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಗಸೆ ಎಣ್ಣೆ ತೆಳುವಾಗಿ ಸವರಿ, ಎರಡು ದಿನ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ತಂತಿಯ ಮೇಲೆ ಒಣಗಿಸಿ.

ನನ್ನ ಹತ್ತಿರ ಮುಕ್ಕಾಲು ಇಂಚಿನ ಒಂದು ಉಳಿ ಇದೆ. ಹಿಡಿಯ ಬುಡದಲ್ಲಿ ಚಾಕುವಿನ ತುದಿಯಿಂದ ಕೊರೆದ ‘ಮಂ’ ಅನ್ನುವ ಒಂದೇ ಅಕ್ಷರ. ಮಂಜಪ್ಪನೋ, ಮಂಜುನಾಥನೋ. ಎಡಗೈಯವರಿರಬೇಕು, ಹೆಬ್ಬೆರಳು ಕೂರುವ ಜಾಗ ಎಡಪಕ್ಕಕ್ಕೆ ಸವೆದಿದೆ. ನಾನು ಬಲಗೈಯವನು. ಆದರೂ ಹಿಡಿಯನ್ನು ಬದಲಿಸಿಲ್ಲ, ಸ್ವಲ್ಪ ಓರೆಯಾಗಿ ಹಿಡಿದುಕೊಳ್ಳುತ್ತೇನೆ.